ಇಲಿಬೋನಿಗೆ ಸಿಗದ ಬೆರಳು

1990ರ ದಶಕದ ಶುರುವಿನಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸ್ಟೀಫನ್ ಸೆಸಿ ಮತ್ತು ಅವರ ಜೊತೆಯವರು ಪುಟ್ಟ ಮಕ್ಕಳ ಜೊತೆ ಒಂದು ಪ್ರಯೋಗ ಮಾಡಿದರು. ಮೂರರಿಂದ ಆರು ವರ್ಷದ ಮಕ್ಕಳು. ವಾರಕ್ಕೊಮ್ಮೆ ಮಗುವನ್ನು ಕೂರಿಸಿಕೊಂಡು, ಒಂದೊಂದೇ ಕಾರ್ಡ್ ತೆಗೆದು ಓದಿ ಕೇಳುವುದು: ಚೆನ್ನಾಗಿ ಯೋಚನೆ ಮಾಡಿ ಹೇಳು, ಇದು ನಿನಗೆ ಯಾವತ್ತಾದರೂ ಆಗಿತ್ತಾ? ಕೆಲವು ಕಾರ್ಡುಗಳಲ್ಲಿ ನಿಜವಾಗಿ ನಡೆದದ್ದು ಇತ್ತು, ಅದನ್ನು ಮೊದಲೇ ಅಪ್ಪ ಅಮ್ಮನ ಹತ್ತಿರ ಕೇಳಿ ಬರೆದುಕೊಂಡಿದ್ದರು. ಕೆಲವು ಯಾವತ್ತೂ ನಡೆಯದ ಸಂಗತಿ. ಅದರಲ್ಲೊಂದು ಇದು: ಬೆರಳು ಇಲಿಬೋನಿಗೆ ಸಿಕ್ಕಿಹಾಕಿಕೊಂಡು, ಬಿಡಿಸೋಕೆ ಆಸ್ಪತ್ರೆಗೆ ಹೋಗಿದ್ದು.

ಯಾರೂ ಮಗುವಿಗೆ "ನಿನಗೆ ಹೀಗಾಗಿತ್ತು" ಅಂತ ಹೇಳಲಿಲ್ಲ. ಸುಮ್ನೆ ಕೇಳಿದರು ಅಷ್ಟೇ. ಸುಮಾರು ಹತ್ತು ವಾರ ಕೇಳಿದರು.

ನಾಲ್ಕು ವರ್ಷದ ಒಬ್ಬ ಹುಡುಗ ಶುರುವಿನಲ್ಲಿ ಇಲ್ಲ, ನಾನು ಆಸ್ಪತ್ರೆಗೆ ಹೋಗೇ ಇಲ್ಲ ಅಂದಿದ್ದ. ಪ್ರಯೋಗದ ಕೊನೆಗೆ ಬರುವಷ್ಟರಲ್ಲಿ ಅವನ ಹತ್ತಿರ ಪೂರ್ತಿ ಕಥೆ ಇತ್ತು. ಅಣ್ಣ ಆಟದ ಸಾಮಾನು ಕಿತ್ತುಕೊಳ್ಳೋಕೆ ಬಂದ, ಇವನು ಕೊಡಲಿಲ್ಲ, ಅಣ್ಣ ಸೌದೆ ರಾಶಿ ಮೇಲೆ ತಳ್ಳಿದ, ಅಲ್ಲೇ ಇಲಿಬೋನು ಇತ್ತು, ಬೆರಳು ಸಿಕ್ಕಿಕೊಂಡಿತು. ಆಸ್ಪತ್ರೆ ದೂರ, ಅದಕ್ಕೆ ಎಲ್ಲರೂ ವ್ಯಾನಿನಲ್ಲಿ ಹೋದರು. ಡಾಕ್ಟರ್ ಬ್ಯಾಂಡೇಜ್ ಹಾಕಿದರು. ಯಾವ ಬೆರಳಿಗೆ? ಈ ಬೆರಳಿಗೆ, ಅಂತ ತೋರಿಸಿದ.

ಅಣ್ಣ, ಸೌದೆ, ವ್ಯಾನು, ದೂರ, ಇದರಲ್ಲಿ ಒಂದನ್ನೂ ಕೇಳಿದವರು ಹೇಳಿಕೊಟ್ಟಿರಲಿಲ್ಲ. ನನಗೆ ಜಾಸ್ತಿ ತಟ್ಟಿದ್ದು ಇದೇ. ನಾವೆಲ್ಲ ಏನಂದುಕೊಳ್ಳುತ್ತೇವೆ? ಯಾರೋ ಹೇಳಿಕೊಟ್ಟಿದ್ದರೆ ಮಗು ಗಿಳಿಪಾಠದ ಹಾಗೆ ಒಪ್ಪಿಸುತ್ತದೆ, ಮುಂದೆ ಎರಡು ಪ್ರಶ್ನೆ ಕೇಳಿದರೆ ಗೊತ್ತಾಗಿಬಿಡುತ್ತದೆ ಅಂತ. ಹಾಗಲ್ಲ. ದೊಡ್ಡವರು ಕೊಡುವುದು ಒಂದು ಎಳೆ ಮಾತ್ರ, ಮಿಕ್ಕಿದ್ದನ್ನೆಲ್ಲ ಮಗು ತನ್ನ ಮನೆ, ತನ್ನ ಅಣ್ಣ, ತನ್ನ ಜಗಳಗಳಿಂದಲೇ ತಂದು ತುಂಬಿಕೊಳ್ಳುತ್ತದೆ, ಆದ್ದರಿಂದ ಕೇಳುವವರಿಗೆ ಅದು ಕಣ್ಣಿಗೆ ಕಟ್ಟಿದ ಹಾಗೆ ನಿಜ ಅನಿಸುತ್ತದೆ. ಅರ್ಧಕ್ಕಿಂತ ಜಾಸ್ತಿ ಮಕ್ಕಳು ನಡೆಯದ ಸಂಗತಿಗಳಲ್ಲಿ ಒಂದಕ್ಕಾದರೂ ಹೀಗೆ ಕಥೆ ಕಟ್ಟಿಕೊಂಡಿದ್ದರು. ಇವು ನಡೆದೇ ಇಲ್ಲ ಕಣೋ ಅಂತ ಆಮೇಲೆ ತಿಳಿಸಿ ಹೇಳಿದಾಗ ಕೆಲವು ಮಕ್ಕಳು ಒಪ್ಪಲೇ ಇಲ್ಲ. ನಡೆದಿತ್ತು, ನನಗೆ ನೆನಪಿದೆ ಅಂತಲೇ ವಾದ ಮಾಡಿದರು.

ಆ ಮಕ್ಕಳು ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳು ಹೇಳುವವರಿಗೆ ನಿಜ ಏನು ಅಂತ ಗೊತ್ತಿರುತ್ತದೆ. ಇವರಿಗೆ ಗೊತ್ತಿರಲಿಲ್ಲ.

ಇದೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ನಮ್ಮ ಮನೆಗಳಲ್ಲಿ, ಪ್ಲೇಹೋಮ್ ಗೇಟಿನ ಹತ್ತಿರ, ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪುಗಳಲ್ಲಿ ಮಕ್ಕಳ ಮಾತಿನ ಬಗ್ಗೆ ಎರಡೇ ಎರಡು ಅಭಿಪ್ರಾಯ ಓಡಾಡುತ್ತವೆ. ಒಂದು, ಮಕ್ಕಳು ದೇವರಿದ್ದ ಹಾಗೆ, ಸುಳ್ಳು ಹೇಳಲ್ಲ. ಇನ್ನೊಂದು, ಅಯ್ಯೋ ಚಿಕ್ಕ ಮಗು, ಅದರ ಮಾತು ಏನು ಕೇಳ್ತೀರಾ ಬಿಡಿ. ಎರಡೂ ಮಗುವಿಗೆ ಅನ್ಯಾಯ ಮಾಡುತ್ತವೆ. ಮೂರು ನಾಲ್ಕು ವರ್ಷದ ಮಗು ತಾನಾಗಿ, ತನ್ನ ಮಾತಿನಲ್ಲಿ ಹೇಳಿದ್ದು ಹೆಚ್ಚಾಗಿ ಸರಿಯೇ ಇರುತ್ತದೆ, ಕಡಿಮೆ ಇರುತ್ತದೆ ಅಷ್ಟೇ. ಕೆಡುವುದು ನಮ್ಮ ಪ್ರಶ್ನೆಗಳಿಂದ. ಅದೂ ಪ್ರೀತಿಯಿಂದ, ಗಾಬರಿಯಿಂದ ಕೇಳುವ ಪ್ರಶ್ನೆಗಳಿಂದ.

ಒಂದು ಸಂಜೆ ಹೀಗಿರಬಹುದು. ಮಗು ಮನೆಗೆ ಬಂತು, ಮೊಣಕೈ ತರಚಿದೆ. ಅಮ್ಮ ನೋಡಿದಳು. ಏನಾಯ್ತು ಚಿನ್ನ? ಗೊತ್ತಿಲ್ಲ. ಯಾರಾದ್ರೂ ಹೊಡೆದ್ರಾ? ಮಗು ಸುಮ್ಮನಿದೆ. ಮಿಸ್ ಹೊಡೆದ್ರಾ? ಸುಮ್ಮನಿದೆ. ಹೇಳು, ಅಮ್ಮ ಬೈಯಲ್ಲ, ಮಿಸ್ ಹೊಡೆದ್ರಾ? ಮಗು ತಲೆ ಆಡಿಸಿತು. ಅಮ್ಮನ ಮುಖ ಬದಲಾಯಿತು, ಎತ್ತಿಕೊಂಡಳು, ಮುದ್ದಾಡಿದಳು. ಕೈಯಲ್ಲಿ ಹೊಡೆದ್ರಾ, ಸ್ಕೇಲಲ್ಲಾ? ಸ್ಕೇಲಲ್ಲಿ. ಅಪ್ಪ ಬಂದಾಗ ಮತ್ತೆ ಕೇಳಿದರು. ಅಜ್ಜಿಗೆ ವಿಡಿಯೋ ಕಾಲ್, ಮತ್ತೆ ಹೇಳಿಸಿದರು. ಅಜ್ಜಿ ಅತ್ತರು. ಪಕ್ಕದ ಮನೆಯವರು ತಮ್ಮ ಮಗುವನ್ನು ಕೇಳಿದರು: ನಿಮ್ಮ ಮಿಸ್ ಅವನಿಗೆ ಸ್ಕೇಲಲ್ಲಿ ಹೊಡೆದರಂತೆ, ನಿನಗೂ ಹೊಡೀತಾರಾ?

ಇಲ್ಲಿ ಮಿಸ್ ಹೊಡೆದೇ ಇರಬಹುದು. ಖಂಡಿತ ಇರಬಹುದು. ಆದರೆ ರಾತ್ರಿ ಒಂಬತ್ತು ಗಂಟೆಗೆ ಅದನ್ನು ಆ ಮಗುವಿನ ಮಾತಿನಿಂದ ತಿಳಿಯುವ ದಾರಿಯನ್ನು ನಾವೇ ಮುಚ್ಚಿದ್ದೇವೆ. ಮಿಸ್ ಅನ್ನುವ ಮಾತು ಮಗುವಿನ ಬಾಯಿಂದ ಬಂದದ್ದಲ್ಲ. ಸ್ಕೇಲೂ ಅಲ್ಲ. ಕೈಯಲ್ಲಾ ಸ್ಕೇಲಲ್ಲಾ ಅಂತ ಎರಡೇ ಇಟ್ಟರೆ ಮಗು ಒಂದನ್ನು ಆರಿಸುತ್ತದೆ, ಎರಡೂ ಅಲ್ಲ ಅನ್ನುವ ಮೂರನೇ ಉತ್ತರ ಇದೆ ಅಂತ ಅದಕ್ಕೆ ಹೊಳೆಯುವುದೇ ಕಷ್ಟ.

1980ರಲ್ಲಿ ಮಾರ್ಟಿನ್ ಹ್ಯೂಸ್ ಮತ್ತು ರಾಬರ್ಟ್ ಗ್ರೀವ್ ಅನ್ನುವ ಇಬ್ಬರು ಸಂಶೋಧಕರು ಐದು ಮತ್ತು ಏಳು ವರ್ಷದ ಮಕ್ಕಳಿಗೆ ಅರ್ಥವೇ ಇಲ್ಲದ ಪ್ರಶ್ನೆ ಕೇಳಿದರು. ಹಾಲು ನೀರಿಗಿಂತ ದೊಡ್ಡದಾ? ಕೆಂಪು ಹಳದಿಗಿಂತ ಭಾರನಾ? ಬಹುತೇಕ ಎಲ್ಲ ಮಕ್ಕಳೂ ಉತ್ತರ ಕೊಟ್ಟರು. ಕಾರಣ ಸಮೇತ ಕೊಟ್ಟವರೂ ಇದ್ದರು. ದೊಡ್ಡವರು ಕೇಳಿದರೆ ಉತ್ತರ ಇರಲೇಬೇಕು ಅಂತ ಮಕ್ಕಳು ನಂಬಿರುತ್ತಾರೆ. ಗೊತ್ತಿಲ್ಲ ಅಂದರೆ ಸುಮ್ಮನಾಗುವ ದೊಡ್ಡವರನ್ನು ಅವರು ನೋಡಿರುವುದೇ ಕಡಿಮೆ, ಅಲ್ವಾ? ಶಾಲೆಯಲ್ಲಿ ಗೊತ್ತಿಲ್ಲ ಅಂದರೆ ಬೈಗುಳ, ಮನೆಯಲ್ಲಿ ಗೊತ್ತಿಲ್ಲ ಅಂದರೆ ಯೋಚನೆ ಮಾಡು ಅಂತಾರೆ. ಇನ್ನೊಂದು, ಒಂದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದರೆ ಮೊದಲು ಹೇಳಿದ್ದು ತಪ್ಪು ಅಂತ ಮಗು ಅಂದುಕೊಳ್ಳುತ್ತದೆ. ಕ್ಲಾಸಿನಲ್ಲಿ ಹಾಗೇ ತಾನೇ ನಡೆಯುವುದು? ಸರಿ ಉತ್ತರ ಬಂದರೆ ಯಾವ ಟೀಚರೂ ಮತ್ತೆ ಕೇಳುವುದಿಲ್ಲ.

ಸರಿ, ಸುಮ್ಮನೆ ಹೌದು ಅಂದದ್ದು ನೆನಪಾಗಿ ಬೇರೂರುವುದು ಹೇಗೆ? ನೆನಪಿನಲ್ಲಿ ಸಂಗತಿ ಒಂದು ಕಡೆ, ಅದು ಎಲ್ಲಿಂದ ಬಂತು ಅನ್ನುವುದು ಇನ್ನೊಂದು ಕಡೆ. ಕಂಡದ್ದಾ, ಕೇಳಿದ್ದಾ, ಕನಸಾ, ಟಿವಿಯಲ್ಲಿ ನೋಡಿದ್ದಾ, ಮನಸ್ಸಿನಲ್ಲೇ ಚಿತ್ರ ಮಾಡಿಕೊಂಡದ್ದಾ? ಮಾರ್ಸಿಯಾ ಜಾನ್ಸನ್ ಅನ್ನುವ ಮನಶ್ಶಾಸ್ತ್ರಜ್ಞೆ ಮತ್ತು ಅವರ ಜೊತೆಯವರು ಇದರ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಅಡುಗೆಮನೆಯ ಡಬ್ಬಿಯ ಮೇಲಿನ ಚೀಟಿ ಬಿದ್ದುಹೋದರೆ ಒಳಗಿನ ಪುಡಿ ಹಾಗೇ ಇರುತ್ತದೆ, ಯಾವ ಅಂಗಡಿಯದ್ದು, ಮನೆಯಲ್ಲೇ ಕುಟ್ಟಿದ್ದಾ ಅನ್ನುವುದು ಮಾತ್ರ ಹೋಗುತ್ತದೆ. ದೊಡ್ಡವರಲ್ಲೂ ಹೀಗಾಗುತ್ತದೆ. ಮೂರು ನಾಲ್ಕು ವರ್ಷದವರಿಗೆ ಆ ಚೀಟಿ ಗಟ್ಟಿಯಾಗಿ ಅಂಟುವುದೇ ಇಲ್ಲ. ಇಲಿಬೋನಿನ ಪ್ರಶ್ನೆ ಕೇಳಿದಾಗಲೆಲ್ಲ ಮಗು ಚೆನ್ನಾಗಿ ಯೋಚನೆ ಮಾಡಿತು, ಯೋಚನೆ ಮಾಡಿದಾಗಲೆಲ್ಲ ಒಂದು ಚಿತ್ರ ಮೂಡಿತು, ಮುಂದಿನ ವಾರ ಕೇಳಿದಾಗ ಆ ಚಿತ್ರ ಪರಿಚಯದ್ದು ಅನಿಸಿತು, ಪರಿಚಯದ್ದು ಅಂದಮೇಲೆ ನಡೆದದ್ದೇ ಇರಬೇಕು.

ಮಕ್ಕಳ ಮನಸ್ಸಿನ ಬಗ್ಗೆ ಜಗತ್ತಿಗೇ ಪಾಠ ಹೇಳಿದ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆಗೂ ಇಂಥದ್ದೊಂದು ನೆನಪಿತ್ತು. ಎರಡು ವರ್ಷದವನಿದ್ದಾಗ ಪ್ಯಾರಿಸ್ಸಿನ ಶಾಂಜೆಲಿಜೆ ಬೀದಿಯಲ್ಲಿ ದಾದಿ ಅವರನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೋಗುತ್ತಿದ್ದಳು. ಒಬ್ಬ ಮಗುವನ್ನು ಎತ್ತಿಕೊಂಡು ಹೋಗಲು ನೋಡಿದ. ಸೊಂಟಕ್ಕೆ ಕಟ್ಟಿದ್ದ ಪಟ್ಟಿ ಬಿಗಿಯಾಗಿದ್ದರಿಂದ ಆಗಲಿಲ್ಲ. ದಾದಿ ಅಡ್ಡ ನಿಂತಳು, ಅವಳ ಮುಖಕ್ಕೆ ಗೀರು ಬಿತ್ತು, ಜನ ಸೇರಿದರು, ಗಿಡ್ಡ ಮೇಲಂಗಿ ಹಾಕಿ ಬಿಳಿ ಕೋಲು ಹಿಡಿದ ಪೊಲೀಸ್ ಬಂದ, ಕಳ್ಳ ಓಡಿಹೋದ. ದೊಡ್ಡವರಾದ ಮೇಲೂ ಪಿಯಾಜೆಗೆ ಇದೆಲ್ಲ ಕಾಣುತ್ತಿತ್ತು. ಅವರಿಗೆ ಹದಿನೈದು ವರ್ಷ ಆಗುವ ಹೊತ್ತಿಗೆ ಆ ದಾದಿ ಪಿಯಾಜೆಯ ತಂದೆತಾಯಿಗೆ ಕಾಗದ ಬರೆದಳು. ಸಾಲ್ವೇಶನ್ ಆರ್ಮಿ ಸೇರಿ ಅವಳ ಮನಸ್ಸು ಬದಲಾಗಿತ್ತು. ಆವತ್ತಿನದ್ದೆಲ್ಲ ತಾನು ಕಟ್ಟಿದ ಕಥೆ, ಗೀರುಗಳನ್ನೂ ತಾನೇ ಮಾಡಿಕೊಂಡದ್ದು ಅಂತ ಬರೆದು, ಬಹುಮಾನವಾಗಿ ಕೊಟ್ಟಿದ್ದ ಗಡಿಯಾರವನ್ನು ವಾಪಸ್ ಕೊಟ್ಟಳು. ಚಿಕ್ಕಂದಿನಲ್ಲಿ ಮನೆಯಲ್ಲಿ ಕೇಳಿದ ಕಥೆಯೇ ತನಗೆ ಕಣ್ಣಾರೆ ಕಂಡ ನೆನಪಾಗಿ ನಿಂತಿರಬೇಕು ಅಂತ ಪಿಯಾಜೆ ಬರೆದುಕೊಂಡಿದ್ದಾರೆ.

ನನಗೂ ಅಪ್ಪನ ಹೆಗಲ ಮೇಲೆ ಕೂತು ಮೈಸೂರು ದಸರಾ ಆನೆ ನೋಡಿದ ನೆನಪಿದೆ. ಆದರೆ ಆ ನೆನಪಿನಲ್ಲಿ ಆನೆ ಕಾಣುವುದಿಲ್ಲ. ಹೆಗಲ ಮೇಲೆ ಕೂತ ನಾನು ಕಾಣುತ್ತೇನೆ, ಕೆಂಪು ಸ್ವೆಟರ್ ಸಮೇತ. ಅಮ್ಮನ ಆಲ್ಬಮ್ಮಿನಲ್ಲಿ ಅದೇ ಫೋಟೋ ಇದೆ. 2018ರಲ್ಲಿ ಬ್ರಿಟನ್ನಿನ ಸಂಶೋಧಕರು 6,641 ಜನರ ಮೊಟ್ಟಮೊದಲ ನೆನಪನ್ನು ಕೇಳಿ ನೋಡಿದಾಗ, ಶೇಕಡಾ 38.6ರಷ್ಟು ಜನ ಎರಡು ವರ್ಷ ಅಥವಾ ಅದಕ್ಕೂ ಮುಂಚಿನದನ್ನು ಹೇಳಿದರಂತೆ. ನಮ್ಮಲ್ಲಿ ಹೆಚ್ಚಿನವರಿಗೆ ನೆನಪು ಉಳಿಯುವುದೇ ಮೂರು ಮೂರೂವರೆ ವರ್ಷದ ಆಚೆ. ಅಂದರೆ ಬಹಳ ಜನ ಫೋಟೋ ಮತ್ತು ಅಜ್ಜಿ ಹೇಳಿದ ಮಾತನ್ನು ನೆನಪು ಅಂದುಕೊಂಡೇ ಬಾಳುತ್ತಿದ್ದಾರೆ. ಅದರಿಂದ ಯಾರಿಗೂ ತೊಂದರೆ ಇಲ್ಲ, ನನ್ನ ಆನೆ ನನಗಿರಲಿ.

ತೊಂದರೆ ಆಗುವುದು ಆ ನೆನಪಿನ ಇನ್ನೊಂದು ತುದಿಯಲ್ಲಿ ಒಬ್ಬ ಮನುಷ್ಯ ಇದ್ದಾಗ.

1983ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾನ್‌ಹ್ಯಾಟನ್ ಬೀಚ್ ಅನ್ನುವ ಊರಿನಲ್ಲಿ ಮ್ಯಾಕ್‌ಮಾರ್ಟಿನ್ ಶಿಶುವಿಹಾರದ ಒಬ್ಬ ಶಿಕ್ಷಕನ ಮೇಲೆ ಒಬ್ಬ ತಾಯಿ ಲೈಂಗಿಕ ದೌರ್ಜನ್ಯದ ದೂರು ಕೊಟ್ಟರು. ಪೊಲೀಸರು ಸುಮಾರು 200 ಮನೆಗಳಿಗೆ ಕಾಗದ ಕಳಿಸಿದರು. ಅದರಲ್ಲಿ ಶಿಕ್ಷಕನ ಹೆಸರಿತ್ತು, ಏನೇನು ಮಾಡಿರಬಹುದು ಅನ್ನುವ ಪಟ್ಟಿ ಇತ್ತು, ನಿಮ್ಮ ಮಗುವನ್ನು ಕೇಳಿ ನೋಡಿ ಅಂತಲೂ ಇತ್ತು. ಯೋಚನೆ ಮಾಡಿ, ಅಂಥ ಕಾಗದ ಕೈಗೆ ಬಂದ ಮನೆಯಲ್ಲಿ ಆ ರಾತ್ರಿ ಮಗುವನ್ನು ಹೇಗೆ ಕೇಳಿರಬಹುದು? ನಾನಾದರೂ ಹೇಗೆ ಕೇಳುತ್ತಿದ್ದೆ? ಆಮೇಲೆ ಸುಮಾರು 400 ಮಕ್ಕಳನ್ನು ಒಂದು ಸಂಸ್ಥೆಯವರು ಮಾತಾಡಿಸಿದರು. ಕೈಗೆ ಬೊಂಬೆ ಹಾಕಿಕೊಂಡು, ನಿನ್ನ ಫ್ರೆಂಡ್ಸ್ ಎಲ್ಲ ಆಗಲೇ ಹೇಳಿಬಿಟ್ಟಿದ್ದಾರೆ, ನೀನು ಜಾಣ ಅಲ್ವಾ, ನೀನೂ ಹೇಳು ಅಂತ. ಹೇಳಿದರೆ ಶಭಾಶ್, ಇಲ್ಲ ಅಂದರೆ ಮತ್ತೆ ಅದೇ ಪ್ರಶ್ನೆ. ಶಾಲೆ ಕೆಳಗೆ ಸುರಂಗ ಇತ್ತು ಅನ್ನುವವರೆಗೂ ಮಕ್ಕಳ ಮಾತು ಹೋಯಿತು. ಏಳು ಜನರ ಮೇಲೆ ಆರೋಪ ಬಂತು. 1990ರವರೆಗೆ ಕೇಸು ನಡೆಯಿತು, ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ಅಷ್ಟರಲ್ಲಿ ಕೆಲವರು ವರ್ಷಗಟ್ಟಲೆ ಜೈಲಿನಲ್ಲಿ ಕಳೆದಿದ್ದರು. ಆ ಮಕ್ಕಳಲ್ಲಿ ಒಬ್ಬ ದೊಡ್ಡವನಾದ ಮೇಲೆ, 2005ರಲ್ಲಿ, ಪತ್ರಿಕೆಗೆ ಹೇಳಿದ: ಅವರಿಗೆ ಇಷ್ಟವಾಗದ ಉತ್ತರ ಕೊಟ್ಟರೆ ಮತ್ತೆ ಮತ್ತೆ ಕೇಳುತ್ತಿದ್ದರು, ಅವರಿಗೆ ಬೇಕಾದದ್ದು ಬರುವವರೆಗೆ. ತಾನು ಹೇಳುತ್ತಿರುವುದು ನಿಜವಲ್ಲ ಅಂತ ಅವನಿಗೆ ಗೊತ್ತಿತ್ತು. ಎಲ್ಲ ಮಕ್ಕಳಿಗೂ ಗೊತ್ತಿತ್ತು ಅಂತ ಹೇಳೋಕಾಗಲ್ಲ.

ಆ ಕೇಸಿನಲ್ಲಿ ಕೇಳಿದ ರೀತಿಯನ್ನೇ ತೆಗೆದುಕೊಂಡು 1998ರಲ್ಲಿ ಸೆನಾ ಗಾರ್ವೆನ್ ಮತ್ತು ಅವರ ತಂಡ ಟೆಕ್ಸಾಸ್‌ನಲ್ಲಿ ಪರೀಕ್ಷೆ ಮಾಡಿತು. ಒಬ್ಬ ಯುವಕ ಶಿಶುವಿಹಾರಕ್ಕೆ ಬಂದು ಕಥೆ ಓದಿ, ತಿಂಡಿ ಕೊಟ್ಟು ಹೋದ. ವಾರ ಬಿಟ್ಟು ಮಕ್ಕಳನ್ನು ಕೇಳಿದರು: ಅವನು ಪುಸ್ತಕ ಹರಿದನಾ, ಆಟದ ಸಾಮಾನು ಮುರಿದನಾ, ಬಳಪ ಎಸೆದನಾ? ಇದ್ಯಾವುದನ್ನೂ ಅವನು ಮಾಡಿರಲಿಲ್ಲ. ಬರೀ ಸೂಚನೆ ಇರುವ ಪ್ರಶ್ನೆ ಕೇಳಿದಾಗ ಹೌದು ಅಂದದ್ದು ಶೇಕಡಾ 17. ಬೇರೆ ಮಕ್ಕಳು ಹೇಳಿದ್ದಾರೆ ಅನ್ನುವುದು, ಹೊಗಳುವುದು, ಬೇಸರ ತೋರಿಸುವುದು ಸೇರಿದಾಗ 58. ಅದಕ್ಕೆ ಹಿಡಿದ ಸಮಯ ಐದು ನಿಮಿಷವೂ ಅಲ್ಲ. ಮೇಲೆ ಹೇಳಿದ ಅಮ್ಮ ಮಗುವನ್ನು ಎತ್ತಿ ಮುದ್ದಾಡಿದ್ದೂ ಮಗುವಿನ ಲೆಕ್ಕದಲ್ಲಿ ಶಭಾಶ್‌ಗಿರಿಯೇ.

ಕೇಳದಿದ್ದರೂ ಆಗಬಹುದು ಅನ್ನುವುದಕ್ಕೆ ಗೇಬ್ರಿಯಲ್ ಪ್ರಿನ್ಸಿಪೆ ಮತ್ತು ಜೊತೆಯವರ ಮೊಲದ ಪ್ರಯೋಗ ಇದೆ. ಶಿಶುವಿಹಾರಕ್ಕೆ ಬಂದ ಜಾದೂಗಾರ ಟೋಪಿಯಿಂದ ಮೊಲ ತೆಗೆಯೋಕೆ ಹೋಗಿ ಸೋತ. ಆಮೇಲೆ ಇಬ್ಬರು ದೊಡ್ಡವರು ಕೆಲವು ಮಕ್ಕಳ ಕಿವಿಗೆ ಬೀಳುವ ಹಾಗೆ ಮಾತಾಡಿಕೊಂಡರು: ಮೊಲ ತಪ್ಪಿಸಿಕೊಂಡು ಇಲ್ಲೇ ಎಲ್ಲೋ ಕ್ಯಾರೆಟ್ ತಿನ್ನುತ್ತಿದೆಯಂತೆ. ವಾರದ ಮೇಲೆ ಕೇಳಿದರೆ, ಅದನ್ನು ಕೇಳಿಸಿಕೊಂಡವರಷ್ಟೇ ಅಲ್ಲ, ಅವರಿಂದ ಗುಸುಗುಸು ಕೇಳಿದ ಗೆಳೆಯರೂ ಮೊಲವನ್ನು ಕಣ್ಣಾರೆ ಕಂಡೆವು ಅಂದರು. ಆದ್ದರಿಂದ ಮಗು ಆಟ ಆಡಿಕೊಂಡಿದೆ, ಅದಕ್ಕೇನು ಗೊತ್ತಾಗುತ್ತೆ ಅಂತ ಅದರ ಪಕ್ಕದಲ್ಲೇ ಫೋನಿನಲ್ಲಿ ಎಲ್ಲ ಹೇಳುತ್ತೇವಲ್ಲ, ಅದನ್ನು ಮೊದಲು ನಿಲ್ಲಿಸಬೇಕು.

ಮಗುವಿನ ಮುಖ ನೋಡಿದರೆ ನಮಗೆ ಗೊತ್ತಾಗುತ್ತೆ ಅಂತ ಹೇಳುವವರಿಗೂ ಒಂದು ಮಾತು. ಸೆಸಿ ಮತ್ತು ಮಿಷೆಲ್ ಲೈಕ್ಟ್‌ಮನ್ 1995ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಸ್ಯಾಮ್ ಸ್ಟೋನ್ ಅನ್ನುವವನು ತುಂಬಾ ಎಡವಟ್ಟು ಮನುಷ್ಯ, ಮುಟ್ಟಿದ್ದೆಲ್ಲ ಮುರಿಯುತ್ತಾನೆ ಅಂತ ಮಕ್ಕಳಿಗೆ ಮೊದಲೇ ಕಥೆ ಹೇಳಿದ್ದರು. ಅವನು ಬಂದು ಎರಡು ನಿಮಿಷ ಇದ್ದು ಏನೂ ಮಾಡದೆ ಹೋದ. ಆಮೇಲೆ ಹಲವು ವಾರ ಸೂಚನೆ ತುಂಬಿದ ಪ್ರಶ್ನೆ. ಕೊನೆಗೆ ಮೂರು ನಾಲ್ಕು ವರ್ಷದವರಲ್ಲಿ ಶೇಕಡಾ 72ರಷ್ಟು ಮಕ್ಕಳು ಅವನು ಪುಸ್ತಕವನ್ನೋ ಟೆಡ್ಡಿಯನ್ನೋ ಹಾಳುಮಾಡಿದ ಅಂದರು. ಇಂಥ ಮಕ್ಕಳ ವಿಡಿಯೋಗಳನ್ನು ಈ ಕ್ಷೇತ್ರದಲ್ಲೇ ಕೆಲಸ ಮಾಡುವ ನೂರಕ್ಕೂ ಹೆಚ್ಚು ತಜ್ಞರಿಗೆ ತೋರಿಸಿದಾಗ, ಯಾವ ಮಗುವಿನದ್ದು ನಿಜ ಅಂತ ಅವರಿಗೆ ಗುರುತಿಸಲು ಆಗಲಿಲ್ಲ. ಆದರೆ ಅದೇ ಪ್ರಯೋಗದಲ್ಲಿ ಕಥೆಯನ್ನೂ ಹೇಳದೆ ಸೂಚನೆಯನ್ನೂ ಕೊಡದೆ ಬಿಟ್ಟ ಮಕ್ಕಳಲ್ಲಿ ಹಾಗಂದವರು ಬರೀ ಶೇಕಡಾ 10. ಈ ಅಂಕಿಯನ್ನು ಯಾರೂ ಎತ್ತಿ ಹೇಳುವುದಿಲ್ಲ. ಸುಮ್ಮನೆ ಬಿಟ್ಟರೆ ಪುಟಾಣಿಗಳೂ ಒಳ್ಳೆಯ ಸಾಕ್ಷಿಗಳೇ.

ಇನ್ನೂ ಒಂದು ವಿಷಯ. ಎಲ್ಲ ಬಗೆಯ ಹುಸಿ ನೆನಪೂ ಮಕ್ಕಳಲ್ಲೇ ಜಾಸ್ತಿ ಅಂತಲ್ಲ. ಹಾಸಿಗೆ, ದಿಂಬು, ಆಕಳಿಕೆ, ಕನಸು, ಕಂಬಳಿ ಅಂತ ಓದಿ ಆಮೇಲೆ ಕೇಳಿದರೆ, ಹೇಳದೇ ಇದ್ದ "ನಿದ್ದೆ" ಕೂಡ ಕೇಳಿದ ನೆನಪು ಎಂದು ದೊಡ್ಡವರೇ ಹೆಚ್ಚಾಗಿ ಹೇಳುತ್ತಾರೆ. ಚಾರ್ಲ್ಸ್ ಬ್ರೈನರ್ಡ್ ಮತ್ತು ವ್ಯಾಲೆರಿ ರೇನಾ ಇದನ್ನು ಬಹಳ ಸಲ ತೋರಿಸಿದ್ದಾರೆ. ಪದಗಳ ನಂಟನ್ನು ತಾವಾಗಿ ಜೋಡಿಸಿಕೊಳ್ಳುವ ಅಭ್ಯಾಸ ವಯಸ್ಸಾದಂತೆ ಬೆಳೆಯುತ್ತದೆ, ಆ ತಪ್ಪೂ ಅದರ ಜೊತೆಗೇ ಬೆಳೆಯುತ್ತದೆ. ಹೊರಗಿನಿಂದ ತಳ್ಳಿದಾಗ ಬೀಳುವವರು ಮಾತ್ರ ಪುಟ್ಟವರು.

ಇದನ್ನು ಓದಿ ಯಾರಾದರೂ, ಹಾಗಾದರೆ ಮಕ್ಕಳು ದೂರು ಹೇಳಿದರೆ ನಂಬೋದೇ ಬೇಡ ಅಂದರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. 1991ರಲ್ಲಿ ಕ್ಯಾರೆನ್ ಸೇವಿಟ್ಜ್, ಗೇಲ್ ಗುಡ್‌ಮನ್ ಮತ್ತು ಜೊತೆಯವರು ಐದು ಮತ್ತು ಏಳು ವರ್ಷದ ಹುಡುಗಿಯರನ್ನು, ಡಾಕ್ಟರ್ ತಪಾಸಣೆ ಆದ ಮೇಲೆ, ಏನಾಯಿತು ಅಂತ ಕೇಳಿ ನೋಡಿದ್ದರು. ಗುಪ್ತಾಂಗವನ್ನೂ ಪರೀಕ್ಷೆ ಮಾಡಿಸಿಕೊಂಡ ಹುಡುಗಿಯರಲ್ಲಿ ಹೆಚ್ಚಿನವರು ಅದನ್ನು ತಾವಾಗಿ ಹೇಳಲೇ ಇಲ್ಲ. ನಾಚಿಕೆ, ಹೇಳಬಾರದೇನೋ ಅನ್ನುವ ಅನುಮಾನ. ಮಕ್ಕಳು ನಡೆಯದ್ದನ್ನು ಹೇಳುವುದಕ್ಕಿಂತ ನಡೆದದ್ದನ್ನು ಮುಚ್ಚಿಡುವುದೇ ನನಗೆ ದೊಡ್ಡ ಚಿಂತೆ. ಆದ್ದರಿಂದಲೇ ಕೇಳುವ ರೀತಿ ಸರಿ ಇರಬೇಕು. ಅಮ್ಮ ಹತ್ತು ಸಲ ಬಾಯಿ ಬಿಡಿಸಿದ್ದಾಳೆ ಅಂತ ಗೊತ್ತಾದರೆ, ನಿಜವಾಗಿ ತೊಂದರೆ ಕೊಟ್ಟವನ ವಕೀಲರಿಗೆ ಅಷ್ಟು ಸಾಕು. ಮಗುವಿಗೆ ಹೇಳಿಕೊಟ್ಟಿದ್ದಾರೆ ಅನ್ನುವ ವಾದ ನಮ್ಮ ಕೋರ್ಟುಗಳಲ್ಲೂ ಬರುತ್ತಲೇ ಇರುತ್ತದೆ.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ನಮ್ಮ 2012ರ ಪೋಕ್ಸೋ ಕಾಯ್ದೆಯಲ್ಲಿ ಇದರ ಎಚ್ಚರ ಇದೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದಕ್ಕೆ ಇಷ್ಟವಾದ ಜಾಗದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ, ಯೂನಿಫಾರ್ಮ್ ಇಲ್ಲದೆ ಬರೆದುಕೊಳ್ಳಬೇಕು. ಕೋರ್ಟಿನಲ್ಲಿ ವಕೀಲರು ಮಗುವಿಗೆ ನೇರವಾಗಿ ಪ್ರಶ್ನೆ ಹಾಕುವ ಹಾಗಿಲ್ಲ, ನ್ಯಾಯಾಧೀಶರ ಮೂಲಕವೇ ಕೇಳಬೇಕು. ಮಗುವನ್ನು ಸಾಕ್ಷಿಗಾಗಿ ಮತ್ತೆ ಮತ್ತೆ ಕರೆಸಬಾರದು. ಕಾನೂನು ಇಷ್ಟು ಯೋಚನೆ ಮಾಡಿದೆ, ಆದರೆ ಅದು ಶುರುವಾಗುವುದು ದೂರು ಕೊಟ್ಟ ಮೇಲೆ. ಅದಕ್ಕೆ ಮುಂಚಿನ ಆ ಒಂದು ಸಂಜೆ ಪೂರ್ತಿ ನಮ್ಮ ಕೈಯಲ್ಲೇ ಇರುತ್ತದೆ.

ಮೈಕೆಲ್ ಲ್ಯಾಂಬ್ ಮತ್ತು ಜೊತೆಯವರು ಮಕ್ಕಳನ್ನು ಮಾತಾಡಿಸುವುದಕ್ಕೆ ಒಂದು ಕ್ರಮ ಮಾಡಿದ್ದಾರೆ, ಬಹಳ ದೇಶಗಳಲ್ಲಿ ಬಳಕೆಯಲ್ಲಿದೆ. ಅದರ ತಿರುಳನ್ನು ಮನೆಗೆ ತಂದರೆ ಹೀಗೆ. ಮೊದಲು ಬೇರೆ ಏನಾದರೂ ಮಾತಾಡಿ, ಇವತ್ತು ಏನಾಟ ಆಡಿದೆ ಅಂತ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಬಹುದು, ನಾನು ತಪ್ಪು ಹೇಳಿದರೆ ನೀನು ತಿದ್ದಬಹುದು ಅಂತ ಮಗುವಿಗೆ ಮೊದಲೇ ಹೇಳಿ. ಆಮೇಲೆ, ಮೊಣಕೈ ತರಚಿದೆಯಲ್ಲ, ಏನಾಯ್ತು, ಮೊದಲಿಂದ ಹೇಳು. ಆಮೇಲೆ? ಆಮೇಲೇನಾಯ್ತು? ಅಷ್ಟೇ. ಮಗುವೇ ಮಿಸ್ ಅಂದರೆ, ಮಿಸ್ ಬಗ್ಗೆ ಹೇಳು ಅನ್ನಿ. ಹೆಸರನ್ನು ನೀವು ಮೊದಲು ತರಬೇಡಿ. ನಡುವೆ ಮಗು ಸುಮ್ಮನಾದರೆ ನೀವೂ ಸ್ವಲ್ಪ ಹೊತ್ತು ಸುಮ್ಮನಿರಿ, ಇದು ಎಲ್ಲಕ್ಕಿಂತ ಕಷ್ಟ, ನಮ್ಮ ಬಾಯಿ ತಡೆಯುವುದೇ ಇಲ್ಲ. ಅಪ್ಪನಿಗೆ, ಅಜ್ಜಿಗೆ ನೀವೇ ಹೇಳಿ, ಮಗುವಿನಿಂದ ಹೇಳಿಸಬೇಡಿ. ಅದು ಹೇಳಿದ್ದನ್ನು ಅವತ್ತೇ ತಾರೀಖು ಹಾಕಿ ಬರೆದಿಡಿ, ನೀವು ಕೇಳಿದ ಪ್ರಶ್ನೆಯನ್ನೂ ಸೇರಿಸಿ. ಮಗು "ಉಂಡೆ ಅಂಕಲ್" ಅಂದಿದ್ದರೆ ಉಂಡೆ ಅಂಕಲ್ ಅಂತಲೇ ಬರೆಯಿರಿ, ಅದು ಯಾರಿರಬಹುದು ಅಂತ ನೀವು ಊಹಿಸಿ ಬೇರೆ ಹೆಸರು ಹಾಕಬೇಡಿ. ಕೇಳಿದ್ದು ನಿಜಕ್ಕೂ ಗಾಬರಿಯ ಮಾತಾಗಿದ್ದರೆ ಇನ್ನೊಂದು ಪ್ರಶ್ನೆಯನ್ನೂ ಕೇಳದೆ, ಇಷ್ಟು ಹೇಳಿದ್ದು ಒಳ್ಳೆಯದಾಯ್ತು ಅಂತ ಪಕ್ಕದಲ್ಲಿ ಕೂರಿಸಿಕೊಂಡು, ಮಗು ನಿದ್ದೆ ಮಾಡಿದ ಮೇಲೆ ಬೇರೆ ರೂಮಿನಿಂದ 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ, ರಾತ್ರಿಯೂ ಎತ್ತುತ್ತಾರೆ.